ತೋರುವ ಅನ್ನ, ನೀಡುವ ಅನ್ನ

ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ದೊರೆತ, ಬಾದಾಮಿಯ ಚಾಲುಕ್ಯ ಕೀರ್ತಿವರ್ಮನ ಹೆಸರನ್ನು ಹೊತ್ತ ಪ್ರಾಚೀನ ಶಾಸನವೊಂದು ಸಂಸ್ಕೃತದಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಅದರ ಪೂರ್ವಭಾಗವು ಊರ ಮುಖಂಡರಾದ ಗಾಮುಂಡರಲ್ಲೊಬ್ಬನು ಕಟ್ಟಿಸಿದ ಜಿನಾಲಯದ ದಾನಶಾಲೆ ಮೊದಲಾದವುಗಳಿಗಾಗಿ 25 ನಿವರ್ತನ ಭೂಮಿಯನ್ನು ಬಿಟ್ಟುದನ್ನು ಹೇಳುತ್ತದೆ. ಉತ್ತರಭಾಗವು, ಸಿಂದರಸನು ಪಾಂಡೀಪುರವನ್ನಾಳುತ್ತಿದ್ದ ಕಾಲದಲ್ಲಿ ದೋಣಗಾಮುಂಡ, ಎಳಗಾಮುಂಡ ಮೊದಲಾದವರು ಮಾಧವತ್ತಿಯರಸನ ಅನುಮತಿಯನ್ನು ಪಡೆದು, ದೇವರ ಹವಿಸ್ಸು, ಅಕ್ಷತೆ, ಗಂಧ, ಪುಷ್ಪಗಳಿಗೆಂದು ಕರ್ಮಗಾಲೂರಿನ ಪಡುವಣ ದಿಕ್ಕಿನಲ್ಲಿ ರಾಜಮಾನದಿಂದ, ಎಂದರೆ ಅರಸನ ಅಳತೆಯಿಂದ, ಅಳೆದ ಎಂಟು ಮತ್ತಲ್ ಭೂಮಿಯನ್ನು ಕೊಟ್ಟುದನ್ನು ತಿಳಿಸುತ್ತದೆ. ಆ ಕಲ್ಲಿನಲ್ಲಿ ಅನ್ನದ ರುಚಿಯ ವರ್ಣನೆಯಿಲ್ಲ, ಪಂಕ್ತಿಯ ಸೊಬಗಿನ ಸ್ತುತಿಯಿಲ್ಲ. ಅನ್ನವು ಯಾವ ಹೊಲದಿಂದ ಬರಬೇಕು, ಆ ಹೊಲದ ವಿಸ್ತಾರವೆಷ್ಟು, ಅದನ್ನು ಯಾರು ಕೊಟ್ಟರು ಎಂಬ ಮೂರು ಸಂಗತಿಗಳು ಮಾತ್ರ ಇವೆ.

ಈ ಕಲ್ಲನ್ನು ಇಂದು ನೆನೆಯಲು ಕಾರಣವುಂಟು. ಅನ್ನಪಾನಗಳ ಚಿತ್ರವನ್ನು ತೆಗೆದು ಮಾರುವುದೇ ಈಗ ಒಂದು ಸ್ವತಂತ್ರವಾದ ಉದ್ಯೋಗವಾಗಿ ಬೆಳೆದು ನಿಂತಿದೆ. ಬೆಂಗಳೂರಿನಂತಹ ನಗರಗಳಲ್ಲಿ ಹೋಟೆಲುಗಳ ತಿಂಡಿಪಟ್ಟಿಗೂ ಮದ್ಯದ ಬಾಟಲಿಗಳ ಪ್ರಚಾರಕ್ಕೂ ಬೇಕಾದ ಛಾಯಾಚಿತ್ರಗಳನ್ನು ರಚಿಸುವುದರಲ್ಲಿಯೇ ನಿಷ್ಣಾತರಾದ ಛಾಯಾಗ್ರಾಹಕರೂ, ಚಿತ್ರಕ್ಕಾಗಿಯೇ ತಟ್ಟೆಯನ್ನು ಅಲಂಕರಿಸುವ ಕಲಾವಿದರೂ ಇದ್ದಾರೆ. ಈ ಉದ್ಯೋಗದ ಆಯುಸ್ಸು ಅಲ್ಪವಾದರೂ ಅದರ ಹಿಂದಿರುವ ಪ್ರಶ್ನೆ, ಎಂದರೆ ಅನ್ನವನ್ನು ಪರರ ಕಣ್ಣಿಗೆ ತೋರಿಸುವುದೆಂತು ಎಂಬುದು, ಬಹು ಪುರಾತನವಾದುದು. ಅದಕ್ಕೆ ನಮ್ಮ ಸೀಮೆಯ ಜನರು ಕೊಟ್ಟ ಉತ್ತರವನ್ನು ಅರಿಯದೆ ಇಂದಿನ ಉತ್ತರದ ಗುಣದೋಷಗಳನ್ನು ತೂಗುವುದು ಸಾಧ್ಯವಾಗದು.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗಳಲ್ಲಿ ಅನ್ನವು ಮರೆಯ ವಸ್ತುವಾಗಿತ್ತು. ದೇವರಿಗೆ ನೈವೇದ್ಯವನ್ನಿಡುವಾಗ ಪರದೆಯನ್ನೆಳೆಯುವುದು, ಕೂಸಿಗೆ ಉಣಿಸುವ ತಾಯಿಯು ಸೆರಗಿನಿಂದ ಮರೆಮಾಡುವುದು, ಹೊಲಕ್ಕೆ ಹೋಗುವ ಬುತ್ತಿಯನ್ನು ಬಿಳಿಯ ಬಟ್ಟೆಯಲ್ಲಿ ಗಂಟುಕಟ್ಟಿ ತಲೆಯ ಮೇಲೆ ಹೊರುವುದು, ಇವೆಲ್ಲವೂ ಒಂದೇ ಭಾವದ ವಿವಿಧ ರೂಪಗಳು. ಹಸಿದವನ ಕಣ್ಣು ಬಿದ್ದ ಅನ್ನವನ್ನು ಅವನಿಗೆ ಕೊಡದೆ ಉಂಡರೆ ಅದು ಮೈಗೆ ಹತ್ತದು ಎಂಬ ನಂಬಿಕೆಯನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವವರು, ಅದರ ಗರ್ಭದಲ್ಲಿರುವ ಧರ್ಮವನ್ನು ಗಮನಿಸಬೇಕು: ಕೊಡಲಾರದುದನ್ನು ತೋರಿಸಬಾರದು ಎಂಬುದೇ ಆ ಧರ್ಮ. ಅನ್ನವನ್ನು ಬಯಲಿನಲ್ಲಿ ಹರಡಿ ತೋರಿಸುವ ಸಂದರ್ಭಗಳೂ ಇಲ್ಲದಿರಲಿಲ್ಲ. ಸೀಗಿ ಹುಣ್ಣಿಮೆಯಂದು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದ ಒಕ್ಕಲು ಮಕ್ಕಳು ಕಡುಬು, ಹೋಳಿಗೆ, ರೊಟ್ಟಿ, ಬಗೆಬಗೆಯ ಪಲ್ಯಗಳನ್ನು ಭೂತಾಯಿಯ ಮುಂದೆ ಎಡೆಯಿಟ್ಟು, ಮರುಗಳಿಗೆಯಲ್ಲಿಯೇ ಬೆಳೆಯ ನಡುವೆ ಚರಗ ಚೆಲ್ಲಿ, ಉಳಿದುದನ್ನು ಬಂದವರೆಲ್ಲರೊಡನೆ ಹಂಚಿಕೊಂಡು ಉಣ್ಣುತ್ತಿದ್ದರು. ತೋರಿಸಿದ ಅನ್ನವು ಅಲ್ಲಿ ನೀಡಿದ ಅನ್ನವೂ ಆಗಿರುತ್ತಿತ್ತು.

ಅನ್ನವನ್ನು ಮರೆಯಲ್ಲಿಟ್ಟ ಈ ಜನಾಂಗವು ಅದರ ವರ್ಣನೆಯಲ್ಲಿ ಹಿಂದೆ ಬಿದ್ದಿತೆಂದು ಭಾವಿಸಲಾಗದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವನ್ನಿತ್ತು, ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನೂ ಕೂಡಿಸುವ ಕ್ರಮವನ್ನು ವಿವರಿಸಿದನು. ಅದಕ್ಕೆ ಸುಮಾರು ನೂರು ವರ್ಷಗಳ ತರುವಾಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದಾಗ, ಒಂದೇ ವಿಂಶತಿಯಲ್ಲಿ, ಎಂದರೆ ಉಪಭೋಗಗಳಿಗೆ ಮೀಸಲಾದ ಮೂರನೆಯ ಭಾಗದಲ್ಲಿ, ಗೃಹದ ಪ್ರಕರಣದೊಳಗೆ ಭಿತ್ತಿಚಿತ್ರಗಳನ್ನು ಬರೆಯುವ ಕ್ರಮವನ್ನೂ, ಅನ್ನಭೋಗದ ಪ್ರಕರಣದಲ್ಲಿ ಇಡ್ಡರಿಕೆ, ವಟಕ, ಪೂರಿಕೆಗಳನ್ನು ಮಾಡುವ ಬಗೆಯನ್ನೂ ಹೇಳಿದನು, ಮದಿರಾಪಾನವನ್ನಾದರೋ ಕ್ರೀಡೆಗಳ ಸಾಲಿನಲ್ಲಿ ಸೇರಿಸಿದನು. ಚಿತ್ರಕಲೆ, ಪಾಕಕಲೆ, ಪಾನವಿಲಾಸ ಈ ಮೂರೂ ಒಬ್ಬನೇ ಅರಸನ ಲೇಖನಿಯಲ್ಲಿ ಒಂದುಗೂಡಿದವಾದರೂ, ಅನ್ನವನ್ನೇ ಚಿತ್ರವಾಗಿ ಬರೆದು ಮಾರಬಹುದೆಂಬ ಕಲ್ಪನೆಯು ಆ ಕಾಲಕ್ಕೆ ದೂರದ ಮಾತಾಗಿತ್ತು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಕಟ್ಟಿದನು. ಈ ಕೃತಿಗಳೆಲ್ಲವೂ ಓದುಗನನ್ನು ಒಲೆಯ ಬಳಿಗೆ ಕರೆದೊಯ್ಯುವಂತಹವು. ಅನ್ನವು ಹೇಗೆ ಕಾಣುತ್ತದೆಂಬುದಕ್ಕಿಂತ ಹೇಗೆ ಆಗುತ್ತದೆಂಬುದೇ ಅವುಗಳಿಗೆ ಮುಖ್ಯವಾಗಿತ್ತು.

ರೂಪಕ್ಕೂ ಸತ್ತ್ವಕ್ಕೂ ಇರುವ ಅಂತರವನ್ನು ಕುರಿತು ಅತ್ಯಂತ ಮನನೀಯವಾದ ಮಾತನ್ನು ಆಡಿದವರು ಇದೇ ಸೀಮೆಯ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಬೆಳ್ಳಗೆ ಹೊಳೆಯುವ ನೆಲ್ಲೂ, ಕಪ್ಪು ಬಣ್ಣದ ನರೆದಲಗವೆಂಬ ರಾಗಿಯೂ ಶ್ರೀರಾಮನ ಸಭೆಯಲ್ಲಿ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಕ್ಕೆ ನಿಲ್ಲುತ್ತವೆ. ರಾಮನು ನೋಟದಿಂದ ತೀರ್ಪನ್ನು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಅವಧಿ ಮುಗಿದಾಗ ಕಾಂತಿಯ ನೆಲ್ಲು ಕೆಟ್ಟಿತ್ತು, ರಾಗಿ ಕೆಡದೆ ಉಳಿದಿತ್ತು. ಕಣ್ಣಿಗೆ ಸೊಗಸಾದುದೇ ಶ್ರೇಷ್ಠವೆಂಬ ಭ್ರಮೆಗೆ ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ನಿಚ್ಚಳವಾದ ಉತ್ತರ ದೊರೆಯುವುದು ದುರ್ಲಭ.

ಪಶ್ಚಿಮ ದೇಶಗಳಲ್ಲಿ ಛಾಯಾಗ್ರಹಣವು ಹುಟ್ಟಿದ ಕೆಲವೇ ವರ್ಷಗಳಲ್ಲಿ ಆಹಾರದ ಚಿತ್ರವೂ ಹುಟ್ಟಿತು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟನು 1844ರಿಂದ 1846ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ‘ದಿ ಪೆನ್ಸಿಲ್ ಆಫ್ ನೇಚರ್’ ಗ್ರಂಥದ ಕೊನೆಯ ಫಲಕವು ಬುಟ್ಟಿಗಳಲ್ಲಿಟ್ಟ ಹಣ್ಣುಗಳದು. ನಮ್ಮ ಸೀಮೆಗೆ ಬಂದ ಕ್ಯಾಮೆರಾಕ್ಕಾದರೋ ಬೇರೊಂದು ವ್ಯಾಸಂಗವಿತ್ತು. ವೈದ್ಯನಾದ ಪಿಗೌ, ನೀಲ್, ಕರ್ನಲ್ ಬಿಗ್ಸ್ ಇವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರನ ಇತಿಹಾಸಕಥನವನ್ನೂ ಫರ್ಗುಸನ್ನನ ಟಿಪ್ಪಣಿಗಳನ್ನೂ ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥವು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತದ್ದು. ಗುಡಿಯ ಕಂಬವನ್ನು ಹಿಡಿದ ಕ್ಯಾಮೆರಾ ಗುಡಿಯ ಪ್ರಸಾದದ ಕಡೆಗೆ ತಿರುಗಲಿಲ್ಲ. ಅದಕ್ಕೆ ಒಂದು ಭೌತಿಕ ಕಾರಣವೂ ಇತ್ತು: ಅಂದಿನ ಫಲಕಗಳಿಗೆ ಕೆಂಪು ಬಣ್ಣವನ್ನು ಗ್ರಹಿಸುವ ಶಕ್ತಿಯಿರಲಿಲ್ಲವಾದುದರಿಂದ, ಖಾರಕ್ಕಿಂತ ಬಣ್ಣಕ್ಕೇ ಪ್ರಸಿದ್ಧವಾದ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ಚಟ್ನಿ ಅವುಗಳಲ್ಲಿ ಮಸಿಯಂತೆ ಕಾಣುತ್ತಿತ್ತು.

ಹೀಗಾಗಿ ಖಾನಾವಳಿಗಳ ಹಾಗೂ ಚಹಾದಂಗಡಿಗಳ ಮೊದಲಿನ ಯುಗವು ಆಹಾರಚಿತ್ರವಿಲ್ಲದ ಯುಗ. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ವರ್ಣಪಟಗಳು ಗೋಡೆಯನ್ನು ಅಲಂಕರಿಸಿದವು. ತಿನಿಸಿನ ಪಟಕ್ಕೆ ಅಲ್ಲಿ ಎಡೆಯಿರಲಿಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ಖಾನಾವಳಿಯ ಹೆಸರು, ಒಳಗಿನ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ದರ, ಗಲ್ಲೆಯ ಬದಿಯ ಗಾಜಿನ ಕಪಾಟಿನಲ್ಲಿ ಮಿರ್ಚಿ, ಚೂಡಾ, ಬೇಸನ್ ಉಂಡಿ, ಇಷ್ಟೇ ಅಂದಿನ ಜಾಹೀರಾತು. ಕಪಾಟಿನೊಳಗೆ ಕಂಡುದೇ ಕೈಗೆ ಬರುತ್ತಿತ್ತು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಉಪಾಹಾರಗೃಹವೂ, 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನವೂ ಚಿತ್ರಗಳ ನೆರವಿಲ್ಲದೆ ಬಾಯಿಂದ ಬಾಯಿಗೆ ಹಬ್ಬಿದ ಕೀರ್ತಿಯಿಂದಲೇ ಬೆಳೆದವು. ಎಂ.ಟಿ.ಆರ್. ತನ್ನ ಅಡಿಗೆಮನೆಯನ್ನು ಗ್ರಾಹಕರ ಕಣ್ಣಿಗೆ ತೆರೆದಿಟ್ಟುದು ಪ್ರಸಿದ್ಧವಾದ ಸಂಗತಿ. ಒಲೆಯನ್ನು ತೋರಬಲ್ಲವರಿಗೆ ತಿಂಡಿಯ ಚಿತ್ರವನ್ನು ತೋರುವ ಅಗತ್ಯವೇನಿತ್ತು?

ಪಾನದ ಕಥೆ ಬೇರೆಯದು. ಅದನ್ನು ತೋರಿಸುವ ಪ್ರಶ್ನೆಯು ಮೊದಲಿನಿಂದಲೂ ಕಾಯಿದೆಯ ಪ್ರಶ್ನೆಯಾಗಿತ್ತು. 1956ರ ನವೆಂಬರ್ 1ರವರೆಗೆ ಆಡೂರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತಾದುದರಿಂದ 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಆ ಕಾಯಿದೆ ಕುಡಿತವನ್ನಷ್ಟೇ ಅಲ್ಲದೆ ಮಾದಕದ್ರವ್ಯದ ಪ್ರಶಂಸೆಯನ್ನೂ ಜಾಹೀರಾತನ್ನೂ ನಿಷೇಧಿಸಿತ್ತು. ಬಲ್ಸಾರಾ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1951ರ ಮೇ 25ರಂದು ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಪ್ರಶಂಸೆಯನ್ನು ನಿಷೇಧಿಸುವ ಅಂಶಗಳು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಗಣರಾಜ್ಯದ ಎರಡನೆಯ ವರ್ಷದಲ್ಲಿಯೇ ಒಂದು ಪೇಯವನ್ನು ಹೊಗಳುವ ಹಕ್ಕಿನ ಮೇಲೆ ದೇಶದ ಅತ್ಯುನ್ನತ ನ್ಯಾಯಪೀಠವು ಚಿಂತಿಸಬೇಕಾಯಿತೆಂಬುದು, ವಸ್ತುವನ್ನು ಮಾರುವುದೂ ಅದರ ಮೋಹವನ್ನು ಮಾರುವುದೂ ಬೇರೆಬೇರೆ ಕಾರ್ಯಗಳೆಂಬುದಕ್ಕೆ ಸಾಕ್ಷಿ.

ಇತ್ತ ಬೆಂಗಳೂರಿನಲ್ಲಿ, ಥಾಮಸ್ ಲೀಷ್ಮನ್ ಎಂಬಾತನು 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರಖಾನೆಗಳನ್ನು ಕೂಡಿಸಿ ಕಟ್ಟಿದ ಯುನೈಟೆಡ್ ಬ್ರುವರೀಸ್ ಮುಂದೆ ವಿಠಲ ಮಲ್ಯರ ಕೈಯಲ್ಲಿ ವಿಸ್ತರಿಸಿತು. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಅಮೃತ್ ಡಿಸ್ಟಿಲರೀಸನ್ನು ಸ್ಥಾಪಿಸಿದರು. ಆ ಸಂಸ್ಥೆಯ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆಯಾಯಿತು. ಹಳ್ಳಿಗಳ ಪ್ಯಾಕೆಟ್ ಸಾರಾಯಿಗೆ ಚಿತ್ರದ ಹಂಗಿರಲಿಲ್ಲ. 2007ರ ಜುಲೈ 1ರಿಂದ ಅದು ರಾಜ್ಯದಲ್ಲಿ ನಿಷಿದ್ಧವಾಯಿತು. ಬಾಟಲಿಯ ಮದ್ಯಕ್ಕಾದರೋ ಚಿತ್ರವೇ ಪ್ರಾಣ. ಆದರೆ 1994ರ ಕೇಬಲ್ ದೂರದರ್ಶನ ನಿಯಮಗಳು ಮದ್ಯದ ಜಾಹೀರಾತನ್ನು ತಡೆದುದರಿಂದ, ಅದೇ ಹೆಸರಿನ ಸೋಡಾ, ಕುಡಿಯುವ ನೀರು, ಕ್ಯಾಲೆಂಡರುಗಳ ಮರೆಯಲ್ಲಿ ಮದ್ಯದ ಹೆಸರು ಜನರ ಕಣ್ಣನ್ನು ಸೇರತೊಡಗಿತು. ನೈವೇದ್ಯದ ಪರದೆ ಭಕ್ತಿಯದಾಗಿತ್ತು. ಈ ಪರದೆ ಕೇವಲ ಉಪಾಯದ್ದು.

ಇನ್ನು ಈ ಕಸಬಿನ ಒಳಗನ್ನು ನೋಡೋಣ. ಅನ್ನಪಾನಗಳ ಚಿತ್ರಕ್ಕೆ ಬೆಳಕು ಹಿಂದಿನಿಂದಲೋ ಬದಿಯಿಂದಲೋ ಬರಬೇಕು. ಆಗ ಮಾತ್ರ ಹಬೆ ಕಾಣುತ್ತದೆ, ಎಣ್ಣೆಯ ಹೊಳಪು ಮಿನುಗುತ್ತದೆ, ರೊಟ್ಟಿಯ ಮೈಮೇಲಿನ ಉಬ್ಬುತಗ್ಗುಗಳು ಮೂಡುತ್ತವೆ. ಬಾಟಲಿಯ ಹಿಂದೆ ಅದರ ಆಕಾರಕ್ಕೇ ಕತ್ತರಿಸಿದ ಹೊಳೆಯುವ ಕಾಗದವನ್ನಿಟ್ಟು ದ್ರವಕ್ಕೆ ಹೊನ್ನಿನ ಕಾಂತಿಯನ್ನು ತರುವುದೂ, ಹೆಸರಿನ ಚೀಟಿಗೆ ಪ್ರತ್ಯೇಕವಾಗಿ ಬೆಳಕನ್ನು ಬೀರುವುದೂ ನಿಜವಾದ ಕೌಶಲ. ಗಂಟೆಗಟ್ಟಲೆ ತಾಳ್ಮೆಯನ್ನು ಬೇಡುವ ಈ ವಿದ್ಯೆಯನ್ನು ಲಘುವಾಗಿ ಕಾಣುವುದು ಅನ್ಯಾಯವಾದೀತು. ಆದರೆ ಈ ಕೌಶಲದ ಮಗ್ಗುಲಲ್ಲಿಯೇ ಕಪಟವೂ ಬೆಳೆಯಿತು. ತಂಪಾದ ಬಾಟಲಿಯ ಮೇಲಿನ ಹನಿಗಳು ನೀರು ಬೆರೆಸಿದ ಗ್ಲಿಸರಿನ್ನಿನವು, ಬಟ್ಟಲಿನ ಮಂಜುಗಡ್ಡೆ ಅಕ್ರಿಲಿಕ್ಕಿನದು, ಹಾಲೆಂದು ಕಾಣುವುದು ಬಿಳಿಯ ಅಂಟು, ಐಸ್‌ಕ್ರೀಮೆಂದು ಕಾಣುವುದು ಬೇಯಿಸಿ ಕಿವುಚಿದ ಆಲೂಗಡ್ಡೆ, ಇಂತಹ ಯುಕ್ತಿಗಳು ಲೋಕಪ್ರಸಿದ್ಧವಾಗಿವೆ. ಸಾರಿನ ಬಟ್ಟಲಿನ ತಳದಲ್ಲಿ ಗೋಲಿಗಳನ್ನಿಟ್ಟು ಕಾಯಿಪಲ್ಯದ ಹೋಳುಗಳು ಮೇಲಕ್ಕೆ ತೇಲುವಂತೆ ಮಾಡಿದ ಜಾಹೀರಾತಿಗಾಗಿ ಕ್ಯಾಂಬೆಲ್ ಸಂಸ್ಥೆಯು 1970ರ ಸುಮಾರಿನಲ್ಲಿ ಅಮೆರಿಕದ ವಾಣಿಜ್ಯ ಆಯೋಗದ ಮುಂದೆ ಉತ್ತರ ಕೊಡಬೇಕಾಯಿತು.

2014ರಲ್ಲಿ ಬೆಂಗಳೂರಿನಲ್ಲಿ ಸ್ವಿಗ್ಗಿ ಆರಂಭವಾದ ಮೇಲೆ, ಹೋಟೆಲಿನ ಬಾಗಿಲನ್ನೇ ಕಾಣದ ಗ್ರಾಹಕನು ಅಂಗೈಯಗಲದ ಚಿತ್ರವನ್ನು ನಂಬಿ ಊಟವನ್ನು ತರಿಸಿಕೊಳ್ಳುವ ಪದ್ಧತಿ ಬೇರೂರಿತು. ಗಾಜಿನ ಕಪಾಟಿನ ಸ್ಥಾನವನ್ನು ಈಗ ಚಿತ್ರವು ಆಕ್ರಮಿಸಿದೆ. ಕಪಾಟಿನ ಪ್ರಾಮಾಣಿಕತೆಯನ್ನೂ ಅದು ಪಡೆಯಬೇಕಾದುದು ನ್ಯಾಯ. ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳು ಕೆಲಸವನ್ನೂ ಕೆಲಸಗಾರರನ್ನೂ ಒಟ್ಟಿಗೆ ತೋರಿಸುತ್ತವೆ. ಆದರೆ ಕಪ್ಪು ಹಿನ್ನೆಲೆಯಲ್ಲಿ ಒಂಟಿಯಾಗಿ ಹೊಳೆಯುವ ಇಂದಿನ ತಟ್ಟೆಯ ಚಿತ್ರದಲ್ಲಿ ರೊಟ್ಟಿ ಬಡಿದ ಕೈಯೂ ಇಲ್ಲ, ಜೋಳ ಬೆಳೆದ ಹೊಲವೂ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ತನ್ನ ಸಹಜವರ್ಣದಿಂದಲೇ ಯಾವ ತಟ್ಟೆಯನ್ನಾದರೂ ಬೆಳಗಬಲ್ಲದು. ಅಂತಹ ದ್ರವ್ಯವುಳ್ಳ ಸೀಮೆಗೆ ಅಂಟು, ಗ್ಲಿಸರಿನ್ನುಗಳ ಆಸರೆ ಬೇಡ.

ಆದುದರಿಂದ ಈ ವಿದ್ಯೆಯನ್ನು ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿಯೂ, ಅವರನ್ನು ಕರೆಸುವ ಹೋಟೆಲಿನ ಒಡೆಯರಲ್ಲಿಯೂ ನನ್ನದೊಂದು ವಿನಂತಿಯಿದೆ. ಬೆಳಕನ್ನು ಎಷ್ಟು ಬೇಕಾದರೂ ಸಂಸ್ಕರಿಸಿರಿ, ಅನ್ನವನ್ನು ಮಾತ್ರ ಬದಲಿಸಬೇಡಿರಿ. ಬಡಿಸಲಿರುವ ತಟ್ಟೆಯನ್ನೇ ತೋರಿಸಿರಿ, ತೋರಿಸಿದ ಮೇಲೆ ಅದನ್ನೇ ಬಡಿಸಿರಿ. ಆಡೂರಿನ ಗಾಮುಂಡರು ದೇವರ ಅನ್ನಕ್ಕೆ ಕೊಟ್ಟ ಭೂಮಿಯನ್ನು ತಮ್ಮ ಮನಸ್ಸಿಗೆ ಬಂದ ಕೋಲಿನಿಂದ ಅಳೆಯಲಿಲ್ಲ. ರಾಜಮಾನದಿಂದ ಅಳೆದು, ಎಂಟು ಮತ್ತಲ್ ಎಂದು ಕಲ್ಲಿನಲ್ಲಿ ಬರೆಯಿಸಿದರು.