ಆಢ್ಯನಲ್ಲದ ರೋಗಿ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ಹೇಳಿರುವರು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅವರು ವಿಧಿಸಿದರು. ಚರಕಸಂಹಿತೆಯು ಉತ್ತಮ ರೋಗಿಯ ಲಕ್ಷಣವನ್ನು ಹೇಳುವಾಗ ಸ್ಮೃತಿ, ವೈದ್ಯನ ಮಾತಿನಂತೆ ನಡೆಯುವಿಕೆ, ಧೈರ್ಯ, ತನ್ನ ವ್ಯಾಧಿಯನ್ನು ಸರಿಯಾಗಿ ತಿಳಿಸುವ ಶಕ್ತಿ ಎಂಬಿಷ್ಟನ್ನು ಎಣಿಸಿದೆ. ತರುವಾಯದ ವಾಗ್ಭಟನಾದರೋ ಅಷ್ಟಾಂಗಹೃದಯದಲ್ಲಿ ಇದೇ ಪಟ್ಟಿಯನ್ನು ಕೊಡುವಾಗ ಸ್ಮೃತಿಯನ್ನು ಬಿಟ್ಟು, ಎಲ್ಲಕ್ಕೂ ಮೊದಲು ‘ಆಢ್ಯ’ ಎಂಬ ಪದವನ್ನಿಟ್ಟನು. ಆಢ್ಯನೆಂದರೆ ಧನವಂತ. ಹಣವುಳ್ಳವನೇ ಒಳ್ಳೆಯ ರೋಗಿಯೆಂದಾಯಿತು!

ಪಾಠಶಾಲೆಯಲ್ಲಿ ಓದುವಾಗ ನಾನು ಈ ಪದದ ವ್ಯುತ್ಪತ್ತಿಯನ್ನಷ್ಟೆ ವಿಚಾರಿಸಿ ಮುಂದೆ ಸಾಗಿದ್ದೆನು. ಅದರ ಭಾರವು ತಿಳಿದುದು ಬಹುಕಾಲದ ಮೇಲೆ, ನಂದಿಕೂರಿನ ನಮ್ಮ ನೆರೆಯಲ್ಲಿ ಬೀಡಿ ಕಟ್ಟಿ ಜೀವಿಸುವ ಹೆಂಗಸೊಬ್ಬಳ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ. ಸುಶ್ರುತನು ಅರ್ಬುದವೆಂದು ಕರೆದ ಗಡ್ಡೆಗಳ ಸಾಲಿಗೆ ಸೇರುವ ಆ ರೋಗವನ್ನು ಇಂದು ಕ್ಯಾನ್ಸರ್ ಎನ್ನುವೆವು. ಆಕೆಯ ಮಾತಿಗೆ ಕಡೆಯಲ್ಲಿ ಬರುವೆನು. ವಾಗ್ಭಟನ ಆ ಒಂದು ಪದವನ್ನು ಅಳಿಸಲು ನಮ್ಮ ಕರಾವಳಿಯಲ್ಲಿ ನಡೆದ ಯತ್ನಗಳನ್ನು ಮೊದಲು ನೋಡೋಣ.

ಮಂಗಳೂರಿನಲ್ಲಿ ಕಂಪೆನಿ ಸರಕಾರದವರು 1848ರಲ್ಲಿ ಸ್ಥಾಪಿಸಿದ ಆಸ್ಪತ್ರೆಯೇ ಮುಂದೆ ಮದರಾಸಿನ ಗವರ್ನರರಾಗಿದ್ದ ವೆನ್ಲಾಕರ ಹೆಸರನ್ನು ಪಡೆಯಿತು. 1880ರಲ್ಲಿ ಜರ್ಮನಿಯಿಂದ ಬಂದ ಏಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. ಬಳಿಕ ಕುಷ್ಠರೋಗಿಗಳಿಗೂ ಪ್ಲೇಗಿನವರಿಗೂ ಅಲ್ಲಿ ಆಶ್ರಯವು ದೊರೆಯಿತು. ಇವೆಲ್ಲವೂ ಜ್ವರ, ವ್ರಣ, ಸಾಂಕ್ರಾಮಿಕಗಳಿಗೆ ಒದಗಿದುವು. ಅರ್ಬುದರೋಗಕ್ಕಾದರೋ ಶಸ್ತ್ರ, ಕಿರಣ, ಔಷಧ ಮೂರೂ ಬೇಕು, ತಿಂಗಳುಗಟ್ಟಲೆ ಬೇಕು.

ಈ ರೋಗದೆದುರು ಆಢ್ಯರೂ ಸೋತುದುಂಟು. ಲೇಡಿ ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತಿ ಸರ್ ದೊರಾಬ್ಜಿಯವರ ಹೆಸರಿನ ಧರ್ಮನಿಧಿಯಿಂದ ಮುಂಬಯಿಯ ಪರೇಲಿನಲ್ಲಿ 1941ನೆಯ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆಯು ಆರಂಭವಾಯಿತು. ಹೋಟೆಲು ಕೆಲಸಕ್ಕೆಂದು ಮುಂಬಯಿ ಸೇರಿದ ಮಗನೋ ಅಳಿಯನೋ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ವಿರಳ. ಆದುದರಿಂದ ಊರಿನ ರೋಗಿಗಳು ಬಂಧುಗಳ ಕೋಣೆಯ ಮೂಲೆಯನ್ನು ಆಶ್ರಯಿಸಿ ಅಲ್ಲಿಗೆ ಹೋಗುವುದು ರೂಢಿಯಾಯಿತು. ನಮ್ಮದೇ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿ ಹುಟ್ಟಿ, 1980ರಲ್ಲಿ ಪ್ರಾದೇಶಿಕ ಕೇಂದ್ರವೆಂಬ ಮನ್ನಣೆಯನ್ನು ಪಡೆಯಿತು.

ಇತ್ತ ನಮ್ಮ ಸಮೀಪದಲ್ಲೇ ಬೇರೊಂದು ಕಾರ್ಯವು ಬೆಳೆಯುತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಬ್ಯಾಂಕನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈಯವರು ಸ್ವತಃ ವೈದ್ಯರು. 1928ರಿಂದ ಆ ಬ್ಯಾಂಕಿನ ಪಿಗ್ಮಿ ಸಂಗ್ರಾಹಕರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿದರು. ಅದೇ ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. 1961ರಲ್ಲಿ ಅಲ್ಲಿ ಆಸ್ಪತ್ರೆಯಾಯಿತು. ಹೀಗೆ ಚಿಕಿತ್ಸೆಯು ಮನೆಯ ಹತ್ತಿರ ಬಂದಿತು. ಆದರೆ ಪಿಗ್ಮಿಯ ಉಳಿತಾಯವು ಮಗಳ ಮದುವೆಗೋ ಒಂದು ಹೆರಿಗೆಗೋ ಸಾಕಾದೀತು; ಅರ್ಬುದಕ್ಕೆ ಸಾಲದು. ಒಬ್ಬನ ಗಂಟಿನಿಂದ ಆಗದುದನ್ನು ಅನೇಕರ ಗಂಟಿನಿಂದ ಮಾಡಬೇಕಾಗಿತ್ತು.

ಬೀಡಿ ಕಾರ್ಮಿಕರಿಗಾಗಿ 1976ರ ಶಾಸನದಿಂದ ಕಲ್ಯಾಣನಿಧಿಯೊಂದು ಏರ್ಪಟ್ಟು, ಅದರಿಂದ ಕ್ಯಾನ್ಸರಿಗೂ ಸಹಾಯಧನವು ದೊರೆಯುವಂತಾಯಿತು. 2003ರಲ್ಲಿ ಕಿನ್ನಿಗೋಳಿ ಮೂಲದ ಡಾಕ್ಟರ್ ದೇವಿಪ್ರಸಾದ ಶೆಟ್ಟಿಯವರ ಪ್ರೇರಣೆಯಿಂದ ಸಹಕಾರಿ ರೈತರಿಗೆ ಯಶಸ್ವಿನಿ ಯೋಜನೆಯು ಬಂದಿತು. ತಲೆಗೆ ವರ್ಷಕ್ಕೆ 60 ರೂಪಾಯಿ ವಂತಿಗೆ, ಪ್ರಯೋಜನವು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. 2010ರಲ್ಲಿ ಬಡತನದ ರೇಖೆಯ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀಯು ಕಲಬುರಗಿ ವಿಭಾಗದಲ್ಲಿ ಮೊದಲಾಗಿ, ಕ್ಯಾನ್ಸರ್ ಚಿಕಿತ್ಸೆಯನ್ನೂ ಒಳಗೊಂಡು, ಕ್ರಮೇಣ ರಾಜ್ಯವನ್ನೆಲ್ಲ ವ್ಯಾಪಿಸಿತು. ಯೋಜನೆಯಿದ್ದ ಗ್ರಾಮಗಳನ್ನೂ ಇಲ್ಲದ ನೆರೆಗ್ರಾಮಗಳನ್ನೂ ಹೋಲಿಸಿದ ವಿದ್ವಾಂಸರು 2014ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಆಗುವ ಮರಣಗಳು ನೂರಕ್ಕೆ 64ರಷ್ಟು ಕಡಮೆಯಾಗಿದ್ದುವು. ಹಣದ ಕೊರತೆಯೇ ಎಷ್ಟು ಜನರನ್ನು ಕೊಲ್ಲುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ರಾಜ್ಯದ ಆರೋಗ್ಯ ಕರ್ನಾಟಕವೂ ಒಂದಾದುವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ. ಉಳಿದವರಿಗೆ ನಿಗದಿಯಾದ ವೆಚ್ಚದಲ್ಲಿ ನೂರಕ್ಕೆ 30 ಪಾಲು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಕ್ರಮವು ಹೀಗೆ: ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಯಾದರೆ ಅವರ ಶಿಫಾರಸು ಪತ್ರದೊಡನೆ ಯೋಜನೆಗೆ ಸೇರಿದ ಆಸ್ಪತ್ರೆಗೆ. ತುರ್ತು ಸಂದರ್ಭದಲ್ಲಿ ಮಾತ್ರ ನೇರವಾಗಿ ಹೋಗಬಹುದು.

ನಮ್ಮ ನೆರೆಯವಳಿಗೆ ಈ ಕ್ರಮವು ತಿಳಿದಿರಲಿಲ್ಲ. ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ತಿಂಗಳು ಹಣ ಕೂಡಿಸಿದಳು. ಬಳೆಗಳನ್ನು ಮಾರಿ ಪರೀಕ್ಷೆಗಳನ್ನು ಮಾಡಿಸಿದ ಮೇಲೆ, ವರದಿಗಳನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ಬಂದಳು. ಬಿಪಿಎಲ್ ಚೀಟಿಯು ಆಕೆಯ ಪೆಟ್ಟಿಗೆಯಲ್ಲೇ ಇದ್ದಿತು. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಜತೆಯಲ್ಲಿ ಹೋಗಿ ಪತ್ರವನ್ನು ಪಡೆದೆವು. “ಮಾಷ್ಟ್ರೇ, ಇದು ಮೊದಲೇ ಗೊತ್ತಿದ್ದರೆ ಬಳೆ ಉಳಿಯುತ್ತಿತ್ತಲ್ಲ” ಎಂದಳು. ಬಳೆಗಿಂತ ಆ ಎರಡು ತಿಂಗಳು ಬೆಲೆಯುಳ್ಳವೆಂದು ನನಗೆ ತಿಳಿದಿತ್ತು, ಹೇಳಲಿಲ್ಲ. ಈಗ ಆಕೆ ಚೇತರಿಸಿಕೊಂಡು ಮತ್ತೆ ಬೀಡಿಯ ಸೂಪನ್ನು ಮಡಿಲಲ್ಲಿಟ್ಟಿರುವಳು.

ವಾಗ್ಭಟನ ಪದವು ಪೂರ್ತಿಯಾಗಿ ಅಳಿದಿದೆಯೆಂದು ಹೇಳಲಾರೆನು. ಬಸ್ಸಿನ ಖರ್ಚು, ಕಳೆದುಹೋದ ಕೂಲಿ, ಜತೆಗೆ ನಿಲ್ಲುವವರ ಊಟ ಇವಾವುವೂ ಚೀಟಿಯ ಲೆಕ್ಕಕ್ಕೆ ಬರುವುದಿಲ್ಲ. ಬಡತನದ ರೇಖೆಗೆ ಅಂಗುಲದಷ್ಟು ಮೇಲಿರುವವನ ಪಾಡು ಇನ್ನೂ ಕಷ್ಟ. ಆದರೆ ಅದೇ ಪಟ್ಟಿಯಲ್ಲಿ ವಾಗ್ಭಟನು ಹೇಳಿದ ಇನ್ನೊಂದು ಗುಣವುಂಟು: ‘ಜ್ಞಾಪಕ’, ಎಂದರೆ ತಿಳಿಸಬಲ್ಲವನು. ರೋಗಿಯು ತನ್ನ ನೋವನ್ನು ವೈದ್ಯನಿಗೆ ತಿಳಿಸಿಯಾನು. ತನಗೆ ಸಲ್ಲಬೇಕಾದುದನ್ನು ಅವನಿಗೆ ತಿಳಿಸುವವರಾರು? ಓದುಬರಹ ಬಲ್ಲ ಪ್ರತಿಯೊಂದು ಮನೆಯೂ ನೆರೆಮನೆಯ ಪೆಟ್ಟಿಗೆಯಲ್ಲಿರುವ ಚೀಟಿಯನ್ನು ಒಮ್ಮೆ ಓದಿ ಹೇಳಿದರೆ, ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನ ಪಾದವು ನಮ್ಮದಾಗುವುದು. ಅದಕ್ಕೆ ಆಢ್ಯತೆಯು ಬೇಕಿಲ್ಲ.