ಶಾಲಾ ಮಕ್ಕಳ ಲಸಿಕೆ: ಹಾಕಿಸಿದರೆ ಸಾಲದು, ದಾಖಲೆಯೂ ಇರಲಿ

ಜೂನ್ ತಿಂಗಳು ಸಮೀಪಿಸಿತೆಂದರೆ ಶಾಲಾ ಕಚೇರಿಯ ಮುಂದೆ ಹೆತ್ತವರ ಸಾಲು. ಜನನ ಪ್ರಮಾಣ ಪತ್ರ, ಆಧಾರ್, ಭಾವಚಿತ್ರ ಎಲ್ಲವೂ ಕೈಯಲ್ಲಿರುತ್ತದೆ. "ಮಗುವಿನ ಲಸಿಕೆ ಕಾರ್ಡ್ ಎಲ್ಲಿ?" ಎಂದು ಕೇಳಿದಾಗ ಮಾತ್ರ ಅನೇಕರು ಮುಖ ಮುಖ ನೋಡಿಕೊಳ್ಳುತ್ತಾರೆ. "ಎಲ್ಲಾ ಇಂಜೆಕ್ಷನ್ ಕೊಡಿಸಿದ್ದೇವೆ, ಕಾರ್ಡ್ ಎಲ್ಲೋ ಇದೆ" ಎಂಬುದು ಸಾಮಾನ್ಯ ಉತ್ತರ. ಆದರೆ ದಾಖಲೆಯಿಲ್ಲದ ಲಸಿಕೆಯನ್ನು ವೈದ್ಯರಾಗಲಿ, ವಿದೇಶದ ಶಾಲೆಯಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ. ಹೆತ್ತವರು, ಶಿಕ್ಷಕರು ಮತ್ತು ಶಾಲಾ ಸಂಚಾಲಕರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಕಾನೂನಿನಲ್ಲಿ ಕಡ್ಡಾಯವೇ?

ಲಸಿಕೆ ಹಾಕಿಸದ ಮಗುವನ್ನು ಶಾಲೆಗೆ ಸೇರಿಸಬಾರದು ಎಂಬ ಕೇಂದ್ರ ಕಾನೂನು ಭಾರತದಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ನೀಡುವಾಗ ಲಸಿಕೆಯ ಷರತ್ತನ್ನು ಹಾಕಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದ್ದು ನಿಜ. ಹಾಗೆಂದು ಕಾರ್ಡ್ ಇಲ್ಲದ ಮಗುವನ್ನು ವಾಪಸು ಕಳುಹಿಸುವುದು ಯಾವ ಶಾಲೆಗೂ ಶೋಭೆ ತರುವ ಕೆಲಸವಲ್ಲ. ಲಸಿಕೆ ತಪ್ಪಿಹೋದ ಮಗು ಸಾಮಾನ್ಯವಾಗಿ ಬಡವರ ಅಥವಾ ಊರೂರು ಅಲೆದು ದುಡಿಯುವವರ ಮನೆಯದ್ದು. ಶಾಲೆಯಿಂದ ದೂರವಾದರೆ ಅದು ಲಸಿಕೆಯಿಂದಲೂ ಇನ್ನಷ್ಟು ದೂರವಾಗುತ್ತದೆ. ಮಗುವನ್ನು ಸೇರಿಸಿಕೊಳ್ಳಬೇಕು, ಬಿಟ್ಟುಹೋದ ಲಸಿಕೆಯನ್ನು ಗುರುತಿಸಿ ಕೊಡಿಸಬೇಕು. ಶಾಲೆ ಕಾರ್ಡ್ ಕೇಳುವುದರ ಉದ್ದೇಶ ಇಷ್ಟೇ.

ಯಾವ ವಯಸ್ಸಿಗೆ ಯಾವುದು?

ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. ಇದರಡಿ ಸರಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅಂಗನವಾಡಿಗಳಲ್ಲಿ ಕೊಡುವ ಲಸಿಕೆಗಳು ಸಂಪೂರ್ಣ ಉಚಿತ. ಕಾರ್ಡ್ ಪರಿಶೀಲಿಸುವವರಿಗೆ ಅನುಕೂಲವಾಗಲೆಂದು ವೇಳಾಪಟ್ಟಿಯ ಸಾರಾಂಶ:

- ಹುಟ್ಟಿದಾಗ: ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ.
- 6, 10 ಮತ್ತು 14 ವಾರ: ಪೆಂಟಾವಲೆಂಟ್ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಸೋಂಕುಗಳ ವಿರುದ್ಧ), ಪೋಲಿಯೋ ಹನಿ, ರೋಟಾ ವೈರಸ್. 6 ಮತ್ತು 14ನೇ ವಾರ ಪೋಲಿಯೋ ಚುಚ್ಚುಮದ್ದು ಹಾಗೂ ನ್ಯುಮೋಕಾಕಲ್ ಲಸಿಕೆಯೂ ಇದೆ.
- 9ರಿಂದ 12 ತಿಂಗಳು: ದಡಾರ-ರುಬೆಲ್ಲಾ ಮೊದಲ ಡೋಸ್, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸ್.
- 16ರಿಂದ 24 ತಿಂಗಳು: ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಮೊದಲ ಬೂಸ್ಟರ್, ಪೋಲಿಯೋ ಹನಿ ಬೂಸ್ಟರ್.
- 5ರಿಂದ 6 ವರ್ಷ: ಡಿಪಿಟಿ ಎರಡನೇ ಬೂಸ್ಟರ್.
- 10 ವರ್ಷ ಮತ್ತು 16 ವರ್ಷ: ಟಿಡಿ (ಧನುರ್ವಾಯು ಮತ್ತು ಗಂಟಲುಮಾರಿ).

ಮೆದುಳು ಜ್ವರದ (ಜೆಇ) ಭೀತಿ ಇರುವ ಜಿಲ್ಲೆಗಳಲ್ಲಿ ಇವುಗಳ ಜೊತೆಗೆ ಜೆಇ ಲಸಿಕೆಯನ್ನೂ ಕೊಡುತ್ತಾರೆ.

ಮರೆತುಹೋಗುವ ಮೂರು ಡೋಸ್‌ಗಳು

ಎರಡು ವರ್ಷದವರೆಗೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ನೆನಪಿಸುತ್ತಾರೆ. ಆಮೇಲೆ ಕಾರ್ಡ್ ಕಪಾಟು ಸೇರುತ್ತದೆ. ಶಾಲಾ ವಯಸ್ಸಿನ ಮೂರು ಡೋಸ್‌ಗಳು, ಅಂದರೆ 5, 10 ಮತ್ತು 16 ವರ್ಷದವು, ತಪ್ಪಿಹೋಗುವುದು ಹೀಗೆ. ಶೈಶವದಲ್ಲಿ ಪಡೆದ ಗಂಟಲುಮಾರಿ ರಕ್ಷಣೆ ವರ್ಷ ಕಳೆದಂತೆ ಕುಗ್ಗುತ್ತದೆ. ಬೂಸ್ಟರ್ ಬೇಕಾಗುವುದು ಅದಕ್ಕೇ.

ಇದು ಹಳೆಯ ಕಾಲದ ರೋಗ, ಈಗ ಇಲ್ಲ ಎಂದುಕೊಳ್ಳುವುದು ತಪ್ಪು. ಆರೋಗ್ಯ ಸೇವೆಗೆ ಹೆಸರಾದ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2015 ಮತ್ತು 2016ರಲ್ಲಿ ಗಂಟಲುಮಾರಿ ಮತ್ತೆ ಕಾಣಿಸಿಕೊಂಡು ಮಕ್ಕಳ ಜೀವ ತೆಗೆದುಕೊಂಡಿತು. ದಡಾರವಂತೂ ಇನ್ನೂ ಬೇಗ ಹರಡುತ್ತದೆ. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ದಡಾರದ ಲಸಿಕೆ ಹಾಕುವಂತಿಲ್ಲ. ಅಂಥ ಮಗುವನ್ನು ಕಾಯುವುದು ಅದೇ ತರಗತಿಯ ಉಳಿದ ಮಕ್ಕಳ ಲಸಿಕೆ.

2020 ಮತ್ತು 2021ರಲ್ಲಿ ಕೊರೊನಾದಿಂದಾಗಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಆಗ 5 ಅಥವಾ 10 ವರ್ಷ ತುಂಬಿದ ಮಕ್ಕಳು ಮನೆಯಲ್ಲಿದ್ದರೆ ಅವರ ಕಾರ್ಡನ್ನು ಇಂದೇ ತೆಗೆದು ನೋಡಿ.

ಕಾರ್ಡಿನಲ್ಲಿ ಕಂಡುಬರುವ ತೊಡಕುಗಳು

ಮೊದಲನೆಯದು ಹೆಸರು. ನಮ್ಮ ರಾಜ್ಯದಲ್ಲಿ ತಾಯಿ ಕಾರ್ಡ್ ಗರ್ಭಿಣಿಯಾಗಿರುವಾಗಲೇ ತಾಯಿಯ ಹೆಸರಿನಲ್ಲಿ ಸಿಗುತ್ತದೆ. ಹುಟ್ಟಿದ ದಿನದ ಲಸಿಕೆ ಬರೆಯುವಾಗ ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ, ದೀಕ್ಷಾಸ್ನಾನ ನಡೆಯುವುದು ಆಮೇಲೆ. ಹಾಗಾಗಿ ಆಸ್ಪತ್ರೆಯ ಪುಸ್ತಕದಲ್ಲಿ 'ಬೇಬಿ ಆಫ್' ಎಂದು ತಾಯಿಯ ಹೆಸರಷ್ಟೇ ಉಳಿದಿರುತ್ತದೆ. ಜನನ ಪ್ರಮಾಣ ಪತ್ರ ದೊರೆತ ಕೂಡಲೇ ಅದರಲ್ಲಿರುವಂತೆಯೇ ಮಗುವಿನ ಪೂರ್ಣ ಹೆಸರು, ಮನೆತನದ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿ, ಆರೋಗ್ಯ ಕೇಂದ್ರದ ಮೊಹರು ಹಾಕಿಸಿಕೊಳ್ಳಬೇಕು.

ಎರಡನೆಯದು ಎರಡೆರಡು ಕಾರ್ಡ್. ಕೆಲವು ಲಸಿಕೆ ಸರಕಾರಿ ಕೇಂದ್ರದಲ್ಲಿ, ಕೆಲವು ಖಾಸಗಿ ಮಕ್ಕಳ ತಜ್ಞರಲ್ಲಿ ಆಗಿರುತ್ತವೆ. ಸರಕಾರಿ ಲಸಿಕೆ ಎಂಆರ್‌ನಲ್ಲಿ ದಡಾರ ಮತ್ತು ರುಬೆಲ್ಲಾ ಮಾತ್ರ ಇವೆ. ಖಾಸಗಿಯವರು ಕೊಡುವ ಎಂಎಂಆರ್‌ನಲ್ಲಿ ಕೆಪ್ಪಟರಾಯನ ಲಸಿಕೆಯೂ ಸೇರಿದೆ. ಎರಡನ್ನೂ ಒಂದೇ ಎಂದು ಬರೆಯಬಾರದು. ಎರಡು ಕಾರ್ಡ್‌ಗಳನ್ನೂ ಜೊತೆಯಾಗಿ ಇಟ್ಟುಕೊಳ್ಳಬೇಕು.

ಮೂರನೆಯದು ಅಭಿಯಾನದ ಲಸಿಕೆಗಳು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಕೊಡಲಾಯಿತು. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದವರಿಗೆ ಜೆಇ ಲಸಿಕೆ ನಡೆಯಿತು. ಬಹುಪಾಲು ಮಕ್ಕಳು ಇವನ್ನು ಶಾಲೆಯಲ್ಲೇ ಪಡೆದರು. ಆ ದಿನ ಮನೆಯ ಕಾರ್ಡ್ ಕೈಯಲ್ಲಿರಲಿಲ್ಲ, ಆಮೇಲೆ ಬರೆಸಿದವರು ಕಡಿಮೆ. ಆಗ ಕೊಟ್ಟ ಚೀಟಿ ಇದ್ದರೆ ಕಾರ್ಡಿಗೆ ಲಗತ್ತಿಸಿ.

ನಮ್ಮ ಮಳೆಗಾಲದ ತೇವಕ್ಕೆ ಶಾಯಿ ಅಳಿಸಿಹೋಗುತ್ತದೆ. ಕಾರ್ಡನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಮುಂದಿನ ಡೋಸ್ ಬರೆಯಲಾಗುವುದಿಲ್ಲ. ಪ್ರತಿ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಕೇಂದ್ರ ಸರಕಾರದ ಯು-ವಿನ್ ವ್ಯವಸ್ಥೆಯಲ್ಲಿ ನೋಂದಾಯಿಸಿದ ಮಕ್ಕಳಿಗೆ ಡಿಜಿಟಲ್ ಪ್ರಮಾಣ ಪತ್ರ ಸಿಗುತ್ತದೆ. ಆದರೆ ಅದು ಬರುವ ಮೊದಲು ಹುಟ್ಟಿದವರಿಗೆ ಕಾಗದದ ಕಾರ್ಡೇ ಮುಖ್ಯ ಆಧಾರ.

ಶಾಲೆ ಇಡಬೇಕಾದ ದಾಖಲೆ

ದಾಖಲಾತಿ ವೇಳೆ ಕಾರ್ಡಿನ ಪ್ರತಿಯನ್ನಷ್ಟೇ ಪಡೆದು ಮೂಲವನ್ನು ಹಿಂದಿರುಗಿಸಬೇಕು. ತರಗತಿವಾರು ಒಂದು ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ದಡಾರ-ರುಬೆಲ್ಲಾ ಎರಡು ಡೋಸ್, ಡಿಪಿಟಿ ಬೂಸ್ಟರ್, ಟಿಡಿ ಇವುಗಳ ದಿನಾಂಕ ಬರೆದಿಟ್ಟರೆ ಸಾಕು. ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಅದನ್ನೂ ನಮೂದಿಸಬೇಕು. 1, 5 ಮತ್ತು 10ನೇ ತರಗತಿಯ ಪಟ್ಟಿಯನ್ನು ವರ್ಷಾರಂಭದಲ್ಲೇ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಆರೋಗ್ಯ ತಂಡದ ಭೇಟಿ ಸುಲಭವಾಗುತ್ತದೆ.

ವರ್ಗಾವಣೆ ಪತ್ರದಲ್ಲಿ ಲಸಿಕೆಯ ವಿವರ ಇರುವುದಿಲ್ಲ. ಮಗು ಶಾಲೆ ಬಿಡುವಾಗ ಈ ಪುಸ್ತಕದ ವಿವರವನ್ನು ಬರೆದುಕೊಡುವ ಪದ್ಧತಿ ಇರಲಿ. ಲಸಿಕೆ ಆಗದವರ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಬೇಡ. ಹೆತ್ತವರೊಡನೆ ಖಾಸಗಿಯಾಗಿ ಮಾತನಾಡಿದರೆ ಕೆಲಸ ಬೇಗ ಆಗುತ್ತದೆ.

ವಿದೇಶಕ್ಕೆ ಹೊರಟವರಿಗೆ

ಗಲ್ಫ್ ರಾಷ್ಟ್ರಗಳ ಶಾಲೆಗಳು ದಾಖಲಾತಿಗೆ ಲಸಿಕೆ ಕಾರ್ಡಿನ ಪ್ರತಿ ಕೇಳುವುದು ವಾಡಿಕೆ. ಅಮೆರಿಕದ ರಾಜ್ಯಗಳಲ್ಲಿ ಶಾಲಾ ಪ್ರವೇಶಕ್ಕೆ ಲಸಿಕೆಯ ಕಾನೂನುಗಳಿವೆ, ವಿನಾಯಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯ ರಾಜ್ಯ 2015ರಲ್ಲಿ ಮಾಡಿದ ಕಾನೂನಿನಿಂದ ವೈಯಕ್ತಿಕ ನಂಬಿಕೆಯ ಕಾರಣದ ವಿನಾಯಿತಿಯನ್ನೇ ತೆಗೆದುಹಾಕಿತು. ಒಂದು ವರ್ಷ ತುಂಬುವ ಮೊದಲು ಕೊಟ್ಟ ದಡಾರ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಂಎಂಆರ್ ಬೇಕೆನ್ನುತ್ತಾರೆ. ನಮ್ಮ 9ನೇ ತಿಂಗಳ ಡೋಸ್ ಇದ್ದರೂ ಮತ್ತೆ ಹಾಕಿಸಬೇಕಾಗುತ್ತದೆ. ಅಮೆರಿಕದಲ್ಲಿ ದಿನಾಂಕ ಬರೆಯುವಾಗ ತಿಂಗಳು ಮೊದಲು ಬರುವುದರಿಂದ 5-6 ಎಂಬುದು ಮೇ 6 ಆಗಿಬಿಡುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಸಿ, ವೈದ್ಯರ ಸಹಿ ಮೊಹರಿನೊಂದಿಗೆ ಇಂಗ್ಲಿಷ್ ಪ್ರತಿ ಮಾಡಿಸಿಕೊಳ್ಳಿ.

ಕಾರ್ಡ್ ಕಳೆದುಹೋದರೆ

ಲಸಿಕೆ ಹಾಕಿಸಿದ ಆರೋಗ್ಯ ಕೇಂದ್ರ ಅಥವಾ ಆಸ್ಪತ್ರೆಯ ಪುಸ್ತಕದಲ್ಲಿ ವಿವರ ಇರಬಹುದು. ಅಂದಾಜು ತಿಂಗಳು ಮತ್ತು ವರ್ಷ ಹೇಳಿದರೆ ಹುಡುಕಲು ಸುಲಭ. ಏನೂ ಸಿಗದಿದ್ದರೆ ನೆನಪಿನಿಂದ ದಿನಾಂಕ ತುಂಬಿಸಬೇಡಿ. ವೈದ್ಯರು ವಯಸ್ಸಿಗೆ ತಕ್ಕಂತೆ ಹೊಸ ಪಟ್ಟಿ ಮಾಡಿಕೊಡುತ್ತಾರೆ. ನಡುವೆ ಒಂದು ಡೋಸ್ ತಪ್ಪಿದೆಯೆಂದು ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಡಿಪಿಟಿಯನ್ನು 7 ವರ್ಷದವರೆಗೆ ಕೊಡಬಹುದು, ಆಮೇಲೆ ಟಿಡಿ ಕೊಡುತ್ತಾರೆ.

ವಾಳೆಯ ಗುರಿಕಾರರು ಮನೆಭೇಟಿಯ ವೇಳೆ "ಮಕ್ಕಳ ಕಾರ್ಡ್ ಇದೆಯಾ?" ಎಂದು ಒಂದು ಮಾತು ಕೇಳಿದರೆ ಅನೇಕ ಮನೆಗಳಲ್ಲಿ ಅದು ಕಪಾಟಿನಿಂದ ಹೊರಬರುತ್ತದೆ. ಹದಿನಾರು ವರ್ಷದ ಡೋಸ್ ಮುಗಿದ ಮೇಲೂ ಅದನ್ನು ಎಸೆಯಬೇಡಿ. ಅಂಕಪಟ್ಟಿಯ ಜೊತೆಗೇ ಜೋಪಾನವಾಗಿಡಿ.