ಹುಣಸೆ, ಬೂದಿ, ನವಸಾಗರ: ಹಿತ್ತಾಳೆ ಬೆಳಗುವ ಒದ್ದೆ ಮತ್ತು ಒಣ ಕ್ರಮಗಳ ಪರಿಶೀಲನೆ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮನೆಗಳಲ್ಲಿ ಹಿತ್ತಾಳೆ ಬೆಳಗುವುದಕ್ಕೆ ಎರಡು ಹಳೆಯ ಕ್ರಮಗಳಿವೆ. ಹುಣಸೆಹಣ್ಣು, ಉಪ್ಪು ಹಚ್ಚಿ ನೀರಿನಲ್ಲಿ ತೊಳೆಯುವುದು ಒಂದು. ಒಲೆಯ ಬೂದಿಯನ್ನೋ ಇಟ್ಟಿಗೆ ಪುಡಿಯನ್ನೋ ಹಾಕಿ ಅರಿವೆಯಿಂದ ತಿಕ್ಕುವುದು ಇನ್ನೊಂದು. ಹಾರಿಸಿದ ಕಾಡತೂಸಿನ ಖಾಲಿ ಕವಚಕ್ಕೆ ಮತ್ತೆ ಮದ್ದು ತುಂಬಿ ಬಳಸುವ ರೂಢಿಯಿರುವ ದೇಶಗಳಲ್ಲಿಯೂ ಇದೇ ಎರಡು ಪಂಗಡಗಳಿವೆ. ಒಂದು ಪಂಗಡದವರು ಕವಚಗಳನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಉಕ್ಕಿನ ಸಣ್ಣ ಕಡ್ಡಿಗಳ ಜೊತೆ ಉರುಳಿಸುತ್ತಾರೆ. ಇನ್ನೊಂದು ಪಂಗಡದವರು ಮೆಕ್ಕೆಜೋಳದ ದಿಂಡಿನ ತರಿಯಲ್ಲೋ ಅಖರೋಟಿನ ಚಿಪ್ಪಿನ ಪುಡಿಯಲ್ಲೋ ಅಲುಗಾಡಿಸುತ್ತಾರೆ. ಇವರ ವಾದ ಬಹುಮಟ್ಟಿಗೆ ಹೊಳಪಿನ ಸುತ್ತ ಸುತ್ತುತ್ತದೆ. ಹಿತ್ತಾಳೆಯ ಬಾಳಿಕೆಯನ್ನು ನಿರ್ಧರಿಸುವ ಸಂಗತಿಗಳು ಬೇರೆ ಎಂಬುದು ಈ ಲೇಖನದ ವಾದ. ಲೋಹದ ಒಳಗೆ ಉಳಿದ ಬಿಗುವು ಎಷ್ಟು, ಅದಕ್ಕೆ ತಾಗಿದ ರಸಾಯನ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಈ ಪ್ರಶ್ನೆಗಳಿಗೆ ಬೀದರ್ ಜಿಲ್ಲೆ ಒಳ್ಳೆಯ ನೆಲ. ಕಾರಣ ಮುಂದೆ ಬರುತ್ತದೆ.

ಮನೆಯಲ್ಲಿ ಕೂತು ಕಾಡತೂಸು ತುಂಬುವ ಹವ್ಯಾಸಕ್ಕೆ ನಮ್ಮಲ್ಲಿ ಎಡೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕೇ ಬೇಕು. ಆದ್ದರಿಂದ ಕವಚದ ಚರ್ಚೆ ಇಲ್ಲಿ ಲೋಹವಿಜ್ಞಾನದ ಉದಾಹರಣೆಯಾಗಿ ಬರುತ್ತದೆ, ಅಷ್ಟೇ.

ಕವಚದ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಒಣ ಕ್ರಮದಲ್ಲಿ ಹೊರಮೈಯ ಮಸಿ ಹೋಗುತ್ತದೆ. ದಿಂಡಿನ ತರಿ ಮೆತ್ತಗಿರುವುದರಿಂದ ಲೋಹಕ್ಕೆ ಗೀರು ಬೀಳುವುದಿಲ್ಲ. ಆದರೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರುವ ಗುಳಿಯೊಳಗಿನ ಕೊಳೆ ಹಾಗೆಯೇ ಉಳಿಯುತ್ತದೆ, ಮೇಲಾಗಿ ಧೂಳು ಏಳುತ್ತದೆ. ಸಾಮಾನ್ಯ ಕೇಪುಗಳ ಮದ್ದಿನಲ್ಲಿ ಸೀಸದ ಸಂಯುಕ್ತ ಇರುವುದರಿಂದ ಆ ಧೂಳು ಸೀಸದ ಧೂಳು. ಮುಚ್ಚಿದ ಕೋಣೆಯಲ್ಲಿ ತರಿಯನ್ನು ಜರಡಿ ಹಿಡಿಯುವವನ ಉಸಿರಿಗೆ ಅದು ನೇರವಾಗಿ ಹೋಗುತ್ತದೆ. ಒದ್ದೆ ಕ್ರಮದಲ್ಲಿ ಕೇಪನ್ನು ಮೊದಲೇ ತೆಗೆದರೆ ಗುಳಿಯೂ ಒಳಮೈಯೂ ಬೆಳಗುತ್ತವೆ, ಸೀಸವು ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ಎಲ್ಲಿ ಚೆಲ್ಲಬೇಕೆಂಬ ಪ್ರಶ್ನೆಯನ್ನು ಒದ್ದೆ ಪಂಗಡದವರು ಅಷ್ಟಾಗಿ ಎತ್ತುವುದಿಲ್ಲ. ಹೆಚ್ಚು ಹೊತ್ತು ಉರುಳಿಸಿದರೆ ಕವಚದ ಬಾಯಂಚು ಜಜ್ಜಿಹೋಗುತ್ತದೆ. ಕತ್ತಿನ ಒಳಗಿನ ತೆಳುವಾದ ಮಸಿ ಪೂರ್ತಿ ಹೋದರೆ ಗುಂಡು ಕೂರುವಾಗ ಬಿಗಿ ಹಿಡಿಯುತ್ತದೆ.

ಒದ್ದೆ ಪಂಗಡದವರು ಡ್ರಮ್ಮಿನ ನೀರಿಗೆ ಹಾಕುವ ಚಿಟಿಕೆ ಸಿಟ್ರಿಕ್ ಆಮ್ಲದ ಕೆಲಸವನ್ನು ನಮ್ಮ ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಮಾಡುತ್ತದೆ. ಎರಡೂ ತಾಮ್ರದ ಆಕ್ಸೈಡನ್ನು ಕರಗಿಸುತ್ತವೆ. ಆಮ್ಲ ಹೆಚ್ಚಾದರೆ ಇಲ್ಲವೇ ಬಹಳ ಹೊತ್ತು ನೆನೆದರೆ ಮೈಮೇಲಿನ ಸತು ಕರಗಿ ತಾಮ್ರದ ಕೆಂಪು ಉಳಿಯುತ್ತದೆ. ರಾತ್ರಿಯಿಡೀ ಹುಣಸೆನೀರಿನಲ್ಲಿ ಬಿಟ್ಟ ತಂಬಿಗೆ ಬೆಳಿಗ್ಗೆ ನಸುಗೆಂಪಾಗಿ ಕಾಣುವುದು ಇದರಿಂದಲೇ. ಉಪ್ಪು ಬೆರೆಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಸರಿಯಾಗಿ ತೊಳೆಯದಿದ್ದರೆ ಉಳಿದ ಕ್ಲೋರೈಡು ಕಿಲುಬಿಗೆ ದಾರಿ ಮಾಡುತ್ತದೆ. ಬೂದಿ ಕಡೆಗೆ ಬಂದರೆ, ಜರಡಿ ಹಿಡಿದ ಬೂದಿ ನಯವಾದ ಉಜ್ಜುಪುಡಿ. ನೀರು ತಾಗಿದರೆ ಅದು ಕ್ಷಾರವಾಗಿ ಜಿಡ್ಡನ್ನೂ ಬಿಡಿಸುತ್ತದೆ. ಹುಮನಾಬಾದಿನ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಪುಡಿಯಲ್ಲಿ ಕಬ್ಬಿಣದ ಆಕ್ಸೈಡು ಹೇರಳ. ಅಕ್ಕಸಾಲಿಗರು ಹೊಳಪಿಗೆ ಬಳಸುವ ಕೆಂಪು ಪುಡಿಯೂ ಅದೇ ಆಕ್ಸೈಡು. ಮರಳು ಬೆರೆತಿದ್ದರೆ ಮಾತ್ರ ಕಷ್ಟ: ಮರಳಿನ ಗಡಸುತನ ಮೋಹ್ಸ್ ಅಳತೆಯಲ್ಲಿ 7, ಹಿತ್ತಾಳೆಯದು ಅದರ ಅರ್ಧದ ಆಸುಪಾಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬ್ರಿಟಿಷ್ ಸೈನ್ಯವು ಭಾರತದಲ್ಲಿ ಕುದುರೆ ಲಾಯಗಳಲ್ಲಿ ಕೂಡಿಟ್ಟ ಕಾಡತೂಸುಗಳು ಮಳೆಗಾಲ ಬಂತೆಂದರೆ ಹಾರಿಸದೆಯೇ ಬಿರುಕು ಬಿಡುತ್ತಿದ್ದವು. ಕಾರಣ ಖಚಿತವಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ಕುದುರೆಗಳ ಗಂಜಲದಿಂದ ಏಳುವ ಅಮೋನಿಯಾ ಇದರ ಹಿಂದಿದೆ ಎಂದು ವಿವರಿಸಿದರು. ಕವಚವನ್ನು ತಣ್ಣಗಿರುವಾಗಲೇ ಅಚ್ಚಿನಲ್ಲಿ ಎಳೆದು ತಯಾರಿಸುವುದರಿಂದ ಲೋಹದೊಳಗೆ ಬಿಗುವು ಉಳಿಯುತ್ತದೆ. ತೇವ, ಗಾಳಿ ಮತ್ತು ಅಮೋನಿಯಾ ಸೇರಿದಾಗ ತಾಮ್ರ ಕರಗುತ್ತದೆ. ಬಿಗುವಿರುವ ಕಡೆ ಈ ಕೊರೆತ ಲೋಹದ ಹರಳುಗಳ ಸಂದಿನಲ್ಲಿ ಆಳಕ್ಕೆ ಇಳಿಯುತ್ತದೆ. ಸತು ಸುಮಾರು 15 ಪಾಲಿಗಿಂತ ಹೆಚ್ಚಿರುವ ಹಿತ್ತಾಳೆಗೆ ಈ ಅಪಾಯ ವಿಶೇಷ. ಪರಿಹಾರ ಸರಳವಾಗಿತ್ತು: ತಯಾರಾದ ಕವಚವನ್ನು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಬಿಗುವು ಇಳಿಸುವುದು, ಆಮೇಲೆ ಒಣ ಜಾಗದಲ್ಲಿ ಇಡುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲಾಯದಲ್ಲಿ ಕಾಡತೂಸು ಒಡೆಯುತ್ತಿದ್ದರೆ, ದನದ ಕೊಟ್ಟಿಗೆಗೆ ಅಂಟಿಕೊಂಡ ಬಚ್ಚಲಲ್ಲಿ ತಲೆಮಾರುಗಟ್ಟಲೆ ಕೂತ ಹಿತ್ತಾಳೆ ಹಂಡೆ, ಕೊಡಗಳು ಹೇಗೆ ಬಾಳಿದವು? ಅಲ್ಲಿಯೂ ಗಂಜಲವಿತ್ತು, ತೇವವಿತ್ತು. ಒಂದು ಉತ್ತರ ತಯಾರಿಕೆಯಲ್ಲಿದೆ: ಬಡಿದು ಪಾತ್ರೆ ಮಾಡುವವರು ಲೋಹ ಗಡಸಾದಂತೆಲ್ಲ ಅದನ್ನು ಕುಲುಮೆಯಲ್ಲಿ ಮತ್ತೆ ಮತ್ತೆ ಕಾಯಿಸುತ್ತಾರೆ. ಇನ್ನೊಂದು ಉತ್ತರ ಕಲಾಯಿಯಲ್ಲಿದೆ ಎಂಬುದು ನನ್ನ ಊಹೆ. ಅಡಿಗೆಯ ಪಾತ್ರೆಗೆ ತವರದ ಲೇಪ ಹತ್ತಬೇಕಾದರೆ ತವರ ಕರಗಬೇಕು, ಅದು ಕರಗುವುದು 232 ಡಿಗ್ರಿಯಲ್ಲಿ. ಕೆಂಡದ ಮೇಲೆ ತಿರುಗಿಸುವ ಪಾತ್ರೆ ಸಹಜವಾಗಿ ಅದಕ್ಕಿಂತ ಹೆಚ್ಚು ಕಾಯುತ್ತದೆ. ಎಂದರೆ ಕಲಾಯಿಯವನು ಹುಳಿ ಪದಾರ್ಥಕ್ಕೆ ತಡೆ ಕಟ್ಟುವ ಜೊತೆಗೇ, ಕಾರ್ಖಾನೆಯವರು ಕವಚಕ್ಕೆ ಕೊಡುವ ಶಾಖದ ಹತ್ತಿರ ಹತ್ತಿರದ ಶಾಖವನ್ನು ಪಾತ್ರೆಗೂ ಕೊಡುತ್ತಿದ್ದ. ಹಂಡೆಗೆ ಕಲಾಯಿ ಇಲ್ಲದಿದ್ದರೂ ಅದರ ತಳ ದಿನವೂ ಬೆಂಕಿ ಕಂಡದ್ದೇ.

ವಿಚಿತ್ರವೆಂದರೆ, ಕಲಾಯಿಯವನು ಬಿಸಿ ಪಾತ್ರೆಗೆ ಎರಚುವ ಬಿಳಿ ಪುಡಿ ನವಸಾಗರ, ಅಮೋನಿಯಂ ಕ್ಲೋರೈಡ್. ಆಕ್ಸೈಡು ಕಳೆದು ತವರ ಹತ್ತುವಂತೆ ಮಾಡುವುದು ಅದೇ. ಬೀದರಿನ ಬಿದರಿ ಕುಶಲಿಗಳು ಕೋಟೆಯ ಮಣ್ಣಿನೊಂದಿಗೆ ಕಲಸಿ ಪಾತ್ರೆಗೆ ಕಪ್ಪು ಬರಿಸುವುದೂ ಅದರಿಂದಲೇ. ಬಿದರಿಯ ಎರಕದಲ್ಲಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಅದು ಎರಕ ಹೊಯ್ದ ಲೋಹ, ಅಚ್ಚಿನಲ್ಲಿ ಎಳೆದದ್ದಲ್ಲ. ನವಸಾಗರ ಅದರ ಮೈಯನ್ನು ಕಪ್ಪಾಗಿಸಿ ಬೆಳ್ಳಿಯ ಕುಸುರಿಯನ್ನು ಬೆಳ್ಳಗೇ ಬಿಡುತ್ತದೆ. ಒಂದೇ ಜಿಲ್ಲೆಯ ಎರಡು ಕಸುಬುಗಳಿಗೆ ಅನ್ನ ಹಾಕುವ ಅಮೋನಿಯಾದ ಲವಣ, ಬಿಗುವು ತುಂಬಿದ 30 ಪಾಲು ಸತುವಿನ ಹಿತ್ತಾಳೆಗೆ ಮಾತ್ರ ತಕ್ಕದ್ದಲ್ಲ. ಇದನ್ನು ಒದ್ದೆ-ಒಣ ಎಂಬ ವಿಂಗಡಣೆ ತೋರಿಸಿಕೊಡಲಾರದು. ಅಮೋನಿಯಾ ಬೆರೆತ ಹೊಳಪು ದ್ರವವನ್ನು ಒಣ ತರಿಗೆ ಹನಿಸಿ ಕವಚ ಉರುಳಿಸುವವನು ತಾನು ಒಣ ಪಂಗಡದವನೆಂದೇ ನಂಬಿರುತ್ತಾನೆ. ಹುಣಸೆ ಹಚ್ಚಿ, ತೊಳೆದು, ಬಿಸಿಲಿಗೆ ಬೋರಲು ಹಾಕುವ ಹೆಂಗಸಿನ ಒದ್ದೆ ಕ್ರಮವೇ ಅದಕ್ಕಿಂತ ಕ್ಷೇಮ.

ಇಂದು ಅಂಗಡಿಗೆ ಬರುವ ತೆಳು ತಂಬಿಗೆ, ಲೋಟಗಳು ಯಂತ್ರದಲ್ಲಿ ತಣ್ಣಗೆ ಒತ್ತಿದವು. ಅವು ತಯಾರಿಕೆಯಲ್ಲಿ ಬಡಿದ ಕೊಡಕ್ಕಿಂತ ಕಾಡತೂಸಿನ ಕವಚಕ್ಕೇ ಹತ್ತಿರ, ಕಲಾಯಿಯ ಕೆಂಡವನ್ನೂ ಕಾಣುವುದಿಲ್ಲ. ದೇವರ ಮನೆಯ ಇಂಥ ಸಾಮಾನಿಗೆ ಮೂಗಿಗೆ ಅಡರುವ ಅಮೋನಿಯಾ ದ್ರವ ಹಚ್ಚಿ ಹಾಗೆಯೇ ಇಡುವುದು ಸಲ್ಲದು. ಕಲಾಯಿಯ ಕುರಿತ ಮೇಲಿನ ಊಹೆಯನ್ನು ಒರೆಗೆ ಹಚ್ಚುವುದು ಕಷ್ಟವೇನಲ್ಲ. ತಾಮ್ರದ ಮಿಶ್ರಲೋಹಗಳನ್ನು ಅಮೋನಿಯಾ ಹಬೆಯಲ್ಲಿಟ್ಟು ಬಿರುಕು ನೋಡುವ ಐಎಸ್‌ಒ 6957 ಎಂಬ ಅಂತರರಾಷ್ಟ್ರೀಯ ಪರೀಕ್ಷಾಕ್ರಮ ಇದೆ. ಗುಜರಿಗೆ ಬಿದ್ದ ಪಾತ್ರೆಗಳಲ್ಲಿ ಕಲಾಯಿ ಕಂಡದ್ದೊಂದು, ಕಾಣದ್ದೊಂದು, ಯಂತ್ರದಲ್ಲಿ ಒತ್ತಿದ್ದೊಂದು ಆಯ್ದು, ಮೂರನ್ನೂ ಒಂದೇ ಹಬೆಯಲ್ಲಿ ಇಟ್ಟು ನೋಡಬೇಕು. ಪಾತ್ರೆಯನ್ನು ಅಡ್ಡಲಾಗಿ ಕೊಯ್ದರೆ ಕೊಯ್ದ ಕಡೆ ಬಿಗುವು ಸಡಿಲಗೊಳ್ಳುತ್ತದೆ. ಆದ್ದರಿಂದ ಇಡೀ ಪಾತ್ರೆಯನ್ನೇ ಪರೀಕ್ಷೆಗೆ ಇಡುವುದು ಲೇಸು.